ಯುಎನ್ ಕೆಲಸದ ಮೊದಲ ಮೆಟ್ಟಿಲು ತಾಲೂಕು ಕೋರ್ಟಲ್ಲೇ ಇದೆ

ಯುಎನ್‌ನಂಥ ಸಂಸ್ಥೆಗಳ ಜಾಹೀರಾತಲ್ಲಿ 'ಗವರ್ನೆನ್ಸ್, ರೂಲ್ ಆಫ್ ಲಾ, ಎಂಟ್ರಿ ಲೆವೆಲ್' ಅಂತ ಇರುತ್ತೆ. ಕೆಳಗೆ ನೋಡಿದ್ರೆ ಅನುಭವ ಬೇಕು ಅಂತಾರೆ. ಚಿಂತಾಮಣಿಯಲ್ಲೋ ಗೌರಿಬಿದನೂರಲ್ಲೋ ಡಿಗ್ರಿ ಮುಗಿಸಿದೋರು ಆ ಅನುಭವ ಎಲ್ಲಿಂದ ತರೋದು?

ಒಂದು ದಾರಿ ಇದೆ. ಪ್ಯಾರಾ ಲೀಗಲ್ ವಾಲಂಟಿಯರ್, ಅಂದ್ರೆ ಪಿಎಲ್‌ವಿ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2009ರಲ್ಲಿ ಶುರು ಮಾಡಿದ ಯೋಜನೆ. ವಕೀಲರೇ ಆಗಿರಬೇಕಿಲ್ಲ. ಆಯ್ಕೆಯಾದ್ರೆ ತರಬೇತಿ ಅವರೇ ಕೊಡ್ತಾರೆ.

ಕೆಲಸ ಏನು? ಶಿಡ್ಲಘಟ್ಟದ ಫಿಲೇಚರ್‌ನಲ್ಲಿ ರೇಷ್ಮೆ ನೂಲು ತೆಗೆಯೋ ಅಕ್ಕನಿಗೆ ಕೂಲಿ ಬಾಕಿ ಇದೆ ಅಂದ್ಕೊಳ್ಳಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಸುಮ್ಮನಾಗಿರ್ತಾರೆ. ಆದ್ರೆ 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟಿದ್ರೂ ಉಚಿತ ಕಾನೂನು ನೆರವು ಇದೆ. ಅದನ್ನ ತಿಳಿಸಿ, ಅರ್ಜಿ ಬರೆದುಕೊಟ್ಟು, ತಾಲೂಕು ಸಮಿತಿವರೆಗೂ ಜೊತೆಗೆ ಹೋಗೋದೇ ಪಿಎಲ್‌ವಿ ಕೆಲಸ.

ಒಂದು ಮಾತು ನೇರವಾಗಿ ಹೇಳ್ತೀನಿ. ಇದರಲ್ಲಿ ಸಂಬಳ ಇಲ್ಲ. ಕೆಲಸ ಮಾಡಿದ ದಿನಕ್ಕೆ ಗೌರವಧನ ಅಷ್ಟೇ, ಮನೆ ನಡೆಯಲ್ಲ. ಇದನ್ನ ನಂಬಿ ಇರೋ ಕೆಲಸ ಬಿಡ್ಬೇಡಿ. ಆದ್ರೆ ಯಾವ ಅರ್ಜಿ ಎಲ್ಲಿ ನಿಂತಿತು, ಯಾಕೆ ನಿಂತಿತು ಅಂತ ಹೆಸರು ಬಿಟ್ಟು ಬರೆದಿಟ್ಕೊಳ್ಳಿ. ಇಂಟರ್‌ವ್ಯೂನಲ್ಲಿ ಮಾತಾಡೋಕೆ ನಿಮ್ಮದೇ ವಿಷಯ ಇರುತ್ತೆ.

ಅರ್ಜಿ ಯಾವಾಗ ಕರೀತಾರೆ ಅಂತ ಚಿಕ್ಕಬಳ್ಳಾಪುರದ ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಿ. ಕೆಲಸ ಬೇಡದೋರೂ 15100 ಸೇವ್ ಮಾಡ್ಕೊಳ್ಳಿ, ಕಾನೂನು ನೆರವಿನ ಸಹಾಯವಾಣಿ ಅದು. ಪಕ್ಕದ ಮನೆಯವರಿಗಾದ್ರೂ ಬೇಕಾಗುತ್ತೆ.