ಮತದಾನವೋ, ಮತವಿಕ್ರಯವೋ?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯ ಶ್ರೀಗಳು ದಯಪಾಲಿಸಿದ ಆಶೀರ್ವಚನ)



ಚುನಾವಣೆ ಹತ್ತಿರ ಬಂದಿತೆಂದರೆ ಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ಪಾದಪೂಜೆ ಮುಗಿಸಿ, ಮೆಲ್ಲಗೆ ಹತ್ತಿರ ಸರಿದು, “ಬುದ್ಧಿ, ಈ ಸಲ ಯಾರಿಗೆ ಹಾಕೋಣ?” ಎಂದು ಕೇಳುವುದುಂಟು. ಯಾರಿಗೆ ಎಂಬುದನ್ನು ಮಠ ಹೇಳತಕ್ಕದ್ದಲ್ಲ. ಹೇಗೆ ಎಂಬುದನ್ನು ಹೇಳದೆ ಬಿಡತಕ್ಕದ್ದೂ ಅಲ್ಲ. ಆದ್ದರಿಂದ ಇಂದು ಆ ವಿಷಯವನ್ನೇ ಚಿಂತನೆಗೆ ತೆಗೆದುಕೊಂಡಿದ್ದೇವೆ.

ಮೊದಲು ಶಬ್ದಾರ್ಥವನ್ನು ನೋಡೋಣ. ‘ಮತ’ ಎಂಬ ಪದ ಸಂಸ್ಕೃತದ ‘ಮನ್’ ಧಾತುವಿನಿಂದ ಬಂದದ್ದು. ಮನಸ್ಸು, ಮನನ ಎಂಬ ಪದಗಳೂ ಅದರಿಂದಲೇ ಹುಟ್ಟಿವೆ. ಮನನ ಮಾಡಿ ನಿಶ್ಚಯಿಸಿದ್ದು ಯಾವುದೋ ಅದು ಮತ. ಇನ್ನು ‘ದಾನ’ ಎಂದರೇನು? ಪ್ರತಿಫಲ ಬಯಸದೆ ಕೊಡುವುದು. ಕೊಡುವಾಗ ಬೆಲೆ ತೆಗೆದುಕೊಂಡರೆ ಅದು ದಾನವಾಗುವುದಿಲ್ಲ, ವಿಕ್ರಯವಾಗುತ್ತದೆ. ಮನನವಿಲ್ಲದೆ ಗುಂಡಿ ಒತ್ತಿದರೆ ಅದು ಮತವಲ್ಲ; ನೋಟು ಪಡೆದು ಒತ್ತಿದರೆ ಅದು ದಾನವಲ್ಲ. ಹಾಗಾದರೆ ನಾವು ಮಾಡಿ ಬರುತ್ತಿರುವುದು ಏನು? ನಿಮ್ಮ ನಿಮ್ಮ ಅಂತರಂಗವನ್ನೇ ಕೇಳಿಕೊಳ್ಳಿ.

ರಾಜಕಾರಣ ಕೆಟ್ಟಿದೆ, ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಬಳ್ಳಾರಿ ಸೀಮೆಯ ಬೆಟ್ಟಗಳನ್ನೇ ನೋಡಿ. ನೆಲದೊಳಗಿನ ಅದಿರು ಲಾರಿ ಲಾರಿಗಳಲ್ಲಿ ಬಂದರಿಗೆ ಹೋಯಿತು. ಊರಿನವರಿಗೆ ಉಳಿದದ್ದು ಕೆಂಪು ಧೂಳು. 2011ರ ಜುಲೈ 27ರಂದು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಸಲ್ಲಿಸಿದ ವರದಿಯು, 2006ರಿಂದ 2010ರವರೆಗೆ ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಎಣಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದ್ದರು. ವರದಿ ಬಂದ ಎರಡೇ ದಿನಕ್ಕೆ ಆ ಜಿಲ್ಲೆಯ ಗಣಿಗಾರಿಕೆಯನ್ನು ನ್ಯಾಯಾಲಯ ನಿಲ್ಲಿಸಿತು.

ಅದೇ ವರ್ಷ ದೆಹಲಿಯಲ್ಲಿ ಅಣ್ಣಾ ಹಜಾರೆಯವರು ಉಪವಾಸ ಕುಳಿತರು. ನಮ್ಮ ಊರುಗಳಲ್ಲಿಯೂ ಜನ ಮೇಣದ ಬತ್ತಿ ಹಿಡಿದು ಬೀದಿಗೆ ಬಂದರು. ಅದರ ಫಲವಾಗಿ 2013ರಲ್ಲಿ ಲೋಕಪಾಲ ಕಾಯಿದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಆದರೆ ಮೊದಲನೆಯ ಲೋಕಪಾಲರು ನೇಮಕವಾದದ್ದು 2019ರಲ್ಲಿ! ಕಾಯಿದೆ ಬಂದರೂ ಪೀಠ ಐದು ವರ್ಷಕ್ಕೂ ಮಿಕ್ಕಿ ಬರಿದಾಗಿತ್ತು. ಆಗ ಬತ್ತಿ ಹಿಡಿದ ಕೈಗಳು ಎಲ್ಲಿ ಹೋಗಿದ್ದವು? ಪ್ರತಿಭಟನೆ ಬೇಕು, ಅನ್ಯಾಯದ ಮುಂದೆ ಮೌನವಾಗಿರುವುದು ಶರಣಧರ್ಮವಲ್ಲ. ಆದರೆ ಹಗಲು ಧಿಕ್ಕಾರ ಕೂಗಿದ ಕೈ ರಾತ್ರಿ ಲಕೋಟೆ ಪಡೆದರೆ ಆ ಕೂಗಿಗೆ ಬಲವೆಲ್ಲಿಂದ ಬರಬೇಕು?

ಒಂದು ಮತಕ್ಕೆ ಎರಡು ಸಾವಿರ ರೂಪಾಯಿ ಕೊಟ್ಟರೆಂದೇ ಇಟ್ಟುಕೊಳ್ಳೋಣ. ಐದು ವರ್ಷಕ್ಕೆ ಹಂಚಿ ನೋಡಿ. ದಿನಕ್ಕೆ ಒಂದು ರೂಪಾಯಿ ಹತ್ತು ಪೈಸೆಯೂ ಪೂರ್ತಿ ಬೀಳುವುದಿಲ್ಲ. ಕೊಟ್ಟವನು ಧರ್ಮಕ್ಕೆ ಕೊಟ್ಟಿಲ್ಲ, ಬಿತ್ತನೆಗೆ ಹಾಕಿದ್ದಾನೆ. ಕೊಯ್ಲು ಮಾಡದೆ ಬಿಟ್ಟಾನೆಯೇ?

ಈ ಮಾತನ್ನು ನಿಮಗೆ ಮಾತ್ರ ಹೇಳಿದರೆ ಅದು ಅಪ್ರಾಮಾಣಿಕವಾದೀತು. ಹಲವು ವರ್ಷಗಳ ಹಿಂದೆ ಮಠದ ಪ್ರಸಾದ ನಿಲಯಕ್ಕೆ ಕೋಣೆಗಳನ್ನು ಕಟ್ಟಿಸುತ್ತಿದ್ದೆವು. ಹಣದ ಅಡಚಣೆಯಿತ್ತು. ಚುನಾವಣೆಯ ದಿನಗಳು. ಒಬ್ಬರು ಬಂದು ಹಣ್ಣಿನ ತಟ್ಟೆಯ ಜೊತೆಗೆ ಒಂದು ಕಟ್ಟನ್ನೂ ಇಟ್ಟು ನಮಸ್ಕರಿಸಿದರು. ಅದು ಎಲ್ಲಿಂದ ಬಂತೆಂದು ನಾವು ಕೇಳಲಿಲ್ಲ. ಅವರು ಗೆದ್ದರು. ಮರುವರ್ಷ ಒಂದು ಹಳ್ಳಿಯ ಹಿರಿಯರು ಬಂದು, “ಬುದ್ಧಿ, ಕೆರೆ ಏರಿಯ ಕೆಲಸಕ್ಕೆ ಬಿಲ್ಲು ಆಗಿದೆಯಂತೆ, ಏರಿಗೆ ಒಂದು ಬುಟ್ಟಿ ಮಣ್ಣು ಬಿದ್ದಿಲ್ಲ. ತಾವು ಅವರಿಗೊಂದು ಮಾತು ಹೇಳಬೇಕು” ಎಂದು ಬೇಡಿಕೊಂಡರು. ನಮಗೆ ನಾಲಿಗೆ ಏಳಲಿಲ್ಲ. “ನೋಡೋಣ” ಎಂದೆವು. ಆ ಹಿರಿಯರು ನಮ್ಮ ಮುಖವನ್ನೊಮ್ಮೆ ನೋಡಿ, ನಮಸ್ಕರಿಸಿ ಹೊರಟುಹೋದರು. ಮತ್ತೆ ಆ ಮಾತೆತ್ತಲಿಲ್ಲ. ಆ ನೋಟವನ್ನು ನಾವು ಇಂದಿಗೂ ಮರೆತಿಲ್ಲ. ಅಂದಿನಿಂದ ಚುನಾವಣೆಗೆ ನಿಲ್ಲುವವರ ಕಾಣಿಕೆಯನ್ನು ಈ ಮಠ ಮುಟ್ಟುತ್ತಿಲ್ಲ. ಹಣ ಪಡೆದಾಗ ನಾವು ಕಳೆದುಕೊಳ್ಳುವುದು ಕೇಳುವ ಅಧಿಕಾರವನ್ನು. ಇದು ಪುಸ್ತಕದಲ್ಲಿ ಓದಿದ್ದಲ್ಲ, ಅನುಭವಿಸಿ ಕಲಿತದ್ದು.

“ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದಲ್ಲವೇ? ವಿಭೂತಿ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಾರೆ” ಎಂದು ಕೆಲವು ತಾಯಂದಿರು ಭಯಪಡುತ್ತಾರೆ. ಈ ಪೀಠದಿಂದ ಸ್ಪಷ್ಟವಾಗಿ ಹೇಳುತ್ತೇವೆ: ಅಧರ್ಮಕ್ಕೆ ಮಾಡಿಸಿದ ಆಣೆಗೆ ಧರ್ಮದ ಬಂಧನವಿಲ್ಲ. ವಿಭೂತಿಯನ್ನು ಲಂಚದ ರಸೀದಿ ಮಾಡಿಕೊಂಡವರದೇ ಶಿವಾಪರಾಧ. ಭಯ ಬಿಡಿ; ನಿಮ್ಮ ಮತ ಗುಪ್ತವಾದದ್ದು. ಆದರೆ ಹಣ ಪಡೆದು ಬೇರೆಯವರಿಗೆ ಹಾಕಿದರಾಯಿತೆಂಬ ಜಾಣತನವೂ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಮತಕ್ಕಾಗಿ ಲಂಚ ಕೊಡುವುದು, ಪಡೆಯುವುದು ಎರಡೂ ಅಪರಾಧ.

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ತಿಳಿದದ್ದೇ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದರು. ಮನೆಯಲ್ಲಿ ಸಿರಿ ತುಂಬಿತ್ತೆಂದಲ್ಲ. ಬಡತನದಲ್ಲಿಯೂ ಬೇಡವೆನ್ನುವ ಸಿರಿತನ ಅವರಲ್ಲಿತ್ತು. ಲಕೋಟೆ ಬಾಗಿಲಿಗೆ ಬಂದಾಗ ಪ್ರತಿಯೊಬ್ಬ ತಾಯಿಯೂ ಲಕ್ಕಮ್ಮನಾಗಬೇಕು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರ ಬರಿದಾಯಿತೆಂದು ಚಾಡಿ ಹೇಳಿದಾಗ ಅವರು ಲೆಕ್ಕ ತೆರೆದಿಟ್ಟರೆಂದು ಪುರಾಣಗಳು ಹೇಳುತ್ತವೆ. ಲೆಕ್ಕ ಕೊಡುವ ನಾಯಕ, ಬೇಡವೆನ್ನುವ ಪ್ರಜೆ, ಇವರಿಬ್ಬರೂ ಸೇರಿದರೆ ಅದೇ ಕಲ್ಯಾಣ.

ಆದ್ದರಿಂದ ಮತ ಹಾಕುವ ಮುನ್ನ ಅಭ್ಯರ್ಥಿಯ ಪ್ರಮಾಣಪತ್ರವನ್ನು ನೋಡಿ, ನೋಡಲು ಬಾರದವರು ಓದಿದ ಮಕ್ಕಳಿಂದ ಓದಿಸಿ ಕೇಳಿ. ಅವನ ಆಸ್ತಿ, ಸಾಲ, ಮೇಲಿರುವ ಮೊಕದ್ದಮೆಗಳು ಅದರಲ್ಲಿರುತ್ತವೆ. ನಮ್ಮ ಜಾತಿಯವನೆಂಬ ಒಂದೇ ಕಾರಣಕ್ಕೆ ಹಾಕಬೇಡಿ. ಯಾರೂ ಯೋಗ್ಯರಲ್ಲವೆನಿಸಿದರೆ ಹಾಗೆಂದು ತಿಳಿಸುವ ಗುಂಡಿಯೂ 2013ರಿಂದ ಇದೆ. ಮತ ಹಾಕಿದ ಮೇಲೆ ಮಲಗಬೇಡಿ. ಗ್ರಾಮಸಭೆಗೆ ಹೋಗಿ ಲೆಕ್ಕ ಕೇಳಿ. 2005ರ ಮಾಹಿತಿ ಹಕ್ಕಿನ ಕಾಯಿದೆ ನಿಮ್ಮ ಕೈಯಲ್ಲಿದೆ. ಬೀದಿಗಿಳಿಯಬೇಕಾಗಿ ಬಂದರೆ ಇಳಿಯಿರಿ, ಕಲ್ಲು ಹಿಡಿಯಬೇಡಿ.

ಕಡೆಯದಾಗಿ ಒಂದು ಮಾತು. ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜಿಸುತ್ತೀರಿ. ಮತಗಟ್ಟೆಯಲ್ಲಿ ಶಾಯಿ ಹಚ್ಚುವುದೂ ಎಡಗೈಯ ತೋರುಬೆರಳಿಗೇ. ಆ ಶಾಯಿ ನಮ್ಮ ಮೈಸೂರಿನಲ್ಲಿಯೇ ತಯಾರಾಗುತ್ತದೆ. ಕೆಲವು ದಿನಕ್ಕೆ ಅದು ಮಾಸಿಹೋಗುತ್ತದೆ. ಲಂಚದ ಕಲೆ ಹಾಗಲ್ಲ. ಮರುದಿನ ಮುಂಜಾನೆ ಅದೇ ಕೈಯಲ್ಲಿ ಲಿಂಗಯ್ಯನನ್ನು ಹಿಡಿದಾಗ ನಾಚದಂತೆ ಮತ ಕೊಡುವ ಬುದ್ಧಿಯನ್ನು ಪರಶಿವನು ನಿಮಗೂ ನಮಗೂ ಅನುಗ್ರಹಿಸಲಿ.