ನಮ್ಮದೇ ಸಮುದಾಯ ಪಾಠವಾದಾಗ

(ರಾಯಚೂರಿನಲ್ಲಿ ವಿದ್ಯಾರ್ಥಿಗಳ ಹಾಗೂ ಹೆತ್ತವರ ಸಭೆಯಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ರಾಜ್ಯಶಾಸ್ತ್ರ ಓದಿದರೆ ಯಾವ ನೌಕರಿ ಸಿಗುತ್ತದೆ ಎಂಬ ಪ್ರಶ್ನೆ ನನಗೆ ಹಳೆಯದು. ಆದರೆ ಕಳೆದ ವರ್ಷ ತಂದೆಯೊಬ್ಬರು ಕೇಳಿದ ಪ್ರಶ್ನೆ ಹೊಸದಾಗಿತ್ತು. "ಸರ್, ನೀವು ಮಕ್ಕಳಿಗೆ ಅಮೆರಿಕದ ಲ್ಯಾಟಿನೋ ಜನರ ರಾಜಕೀಯ ಹೇಳಿಕೊಡುತ್ತೀರಂತೆ. ಅದಕ್ಕೂ ನಮ್ಮ ಮಾನ್ವಿಗೂ ಏನು ಸಂಬಂಧ?" ಅಂದು ಅವರಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಸಾಧ್ಯವಾಗಲಿಲ್ಲ. ಇಂದು ಪ್ರಯತ್ನಿಸುತ್ತೇನೆ.

ನಮ್ಮ ಪಠ್ಯದಲ್ಲಿ ಅಲ್ಪಸಂಖ್ಯಾತರ ಹಕ್ಕುಗಳ ಕುರಿತು ಒಂದು ಅಧ್ಯಾಯವಿದೆ. ಸಂವಿಧಾನದ 29 ಮತ್ತು 30ನೆಯ ವಿಧಿಗಳನ್ನು ಓದಿಸಿ, ಐದು ಅಂಕದ ಉತ್ತರ ಬರೆಸಿ ಮುಂದಕ್ಕೆ ಸಾಗುವುದು ವಾಡಿಕೆ. ಆ ಅಧ್ಯಾಯ ಬಂದಾಗ ತರಗತಿಯ ಮುಸ್ಲಿಮ್ ವಿದ್ಯಾರ್ಥಿಗಳು ತಲೆ ತಗ್ಗಿಸಿ ಕುಳಿತುಕೊಳ್ಳುತ್ತಿದ್ದರು. ಇತರರು ಅವರತ್ತ ಒಮ್ಮೆ ನೋಡಿ ಮುಖ ತಿರುಗಿಸುತ್ತಿದ್ದರು. ತಮ್ಮ ಮನೆಯ ವಿಷಯವನ್ನು ಯಾರೋ ಬೀದಿಯಲ್ಲಿ ನಿಂತು ಮಾತಾಡಿದರೆ ಆಗುವ ಮುಜುಗರವದು. ಆದ್ದರಿಂದ ನೇರವಾಗಿ ನಮ್ಮನ್ನು ಓದುವ ಬದಲು ಮೊದಲು ದೂರದವರನ್ನು ಓದೋಣ, ಆ ನಂತರ ಪ್ರತಿಯೊಬ್ಬರೂ ಸ್ವಂತ ಊರಿನ ಬಗ್ಗೆ ಬರೆಯಲಿ ಎಂದು ನಿರ್ಧರಿಸಿದೆ. ಕೆಲವು ಶನಿವಾರಗಳನ್ನು ಅದಕ್ಕೆ ಮೀಸಲಿಟ್ಟೆವು.

ಲ್ಯಾಟಿನೋ ಎಂದರೆ ಲ್ಯಾಟಿನ್ ಅಮೆರಿಕದ ಮೂಲದ ಜನ. 2020ರ ಜನಗಣತಿಯಂತೆ ಅಮೆರಿಕದಲ್ಲಿ ಅವರ ಸಂಖ್ಯೆ ಸುಮಾರು 6 ಕೋಟಿ 20 ಲಕ್ಷ. ಇವರೆಲ್ಲ ಹೊರಗಿನಿಂದ ಬಂದವರೆಂಬುದು ಸಾಮಾನ್ಯ ನಂಬಿಕೆ. ಆದರೆ 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊ ತನ್ನ ಉತ್ತರದ ವಿಶಾಲ ಪ್ರದೇಶವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಾಗ, ಅಲ್ಲಿನ ಜನ ಮನೆಯಿಂದ ಹೆಜ್ಜೆ ಕದಲಿಸದೆಯೇ ಬೇರೊಂದು ದೇಶದವರಾದರು. ಈ ಜನರ ರಾಜಕೀಯ ವಿಶ್ವವಿದ್ಯಾಲಯದಲ್ಲಿ ಪಾಠವಾದದ್ದು ಸುಲಭವಾಗಿಯೇನೂ ಅಲ್ಲ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ಕರಿಯ, ಲ್ಯಾಟಿನೋ ಮತ್ತು ಏಷ್ಯಾ ಮೂಲದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಮುಷ್ಕರ ಹೂಡಿದ ನಂತರವೇ ಅಲ್ಲಿ ಇಂತಹ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು. ಅರಿಜೋನಾ ರಾಜ್ಯವು 2010ರಲ್ಲಿ ಕಾನೂನು ತಂದು ಟೂಸಾನ್ ನಗರದ ಶಾಲೆಗಳಲ್ಲಿದ್ದ ಮೆಕ್ಸಿಕನ್ ಅಮೆರಿಕನ್ ಅಧ್ಯಯನವನ್ನು ನಿಲ್ಲಿಸಿತು. ಈ ಪಾಠ ಮಕ್ಕಳಲ್ಲಿ ದ್ವೇಷ ಬೆಳೆಸುತ್ತದೆಂಬುದು ಆಪಾದನೆ. 2017ರಲ್ಲಿ ಫೆಡರಲ್ ನ್ಯಾಯಾಲಯ ಆ ಕ್ರಮವನ್ನು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಆ ತರಗತಿಗಳಲ್ಲಿ ಓದಿದ ಮಕ್ಕಳು ಶಾಲೆ ಮುಗಿಸುವ ಪ್ರಮಾಣ ಹೆಚ್ಚಾಗಿತ್ತೆಂದು ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡಿದ್ದರು.

1848ರ ಕತೆ ಕೇಳಿದ ಮರುವಾರ ರಾಯಚೂರು ನಗರದ ಒಬ್ಬ ಹುಡುಗ ಅಜ್ಜನ ಪೆಟ್ಟಿಗೆಯಿಂದ ಹಳೆಯ ಜಮೀನು ಕಾಗದವೊಂದನ್ನು ತಂದ. ನಿಝಾಮರ ಕಾಲದ ಉರ್ದು ದಾಖಲೆ. ಮನೆಯಲ್ಲಿ ದಖ್ಖನಿ ಮಾತಾಡುತ್ತಾರೆ, ಆದರೆ ಆ ಬರವಣಿಗೆಯನ್ನು ಓದುವವರು ಅಜ್ಜನ ನಂತರ ಯಾರೂ ಇಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು, 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಎಂಟು ವರ್ಷಗಳಲ್ಲಿ ಕಚೇರಿಯ ಭಾಷೆ, ರಾಜಧಾನಿ ಎಲ್ಲವೂ ಬದಲಾದವು. ಅಜ್ಜ ಮಾತ್ರ ಅದೇ ಮನೆಯಲ್ಲಿದ್ದ. "ಸರ್, ನಮ್ಮ ಅಜ್ಜನೂ ಕದಲಲಿಲ್ಲ" ಎಂದ ಹುಡುಗ. ಅಷ್ಟೇ. ಆದರೆ ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಮೌನವಾಗಿದ್ದವನು ಅಂದಿನಿಂದ ಮುಂದೆ ಕೂರತೊಡಗಿದ.

ಮಾನ್ವಿ ತಾಲೂಕಿನ ಇನ್ನೊಬ್ಬ ವಿದ್ಯಾರ್ಥಿ ಕೋಪದಿಂದಲೇ ಬರೆಯಲು ಹೊರಟ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಂತೆ ನಮ್ಮ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಮಾನ್ವಿ, ದೇವದುರ್ಗ, ಮಸ್ಕಿ ಮತ್ತು ರಾಯಚೂರು ಗ್ರಾಮೀಣ ಪರಿಶಿಷ್ಟ ಪಂಗಡಕ್ಕೆ, ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲು. ಉಳಿದಿರುವುದು ರಾಯಚೂರು ನಗರ ಮತ್ತು ಸಿಂಧನೂರು. ಲೋಕಸಭಾ ಕ್ಷೇತ್ರವೂ 2009ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. "ನಮಗೆ ಮತವಿದೆ, ಸೀಟಿಲ್ಲ" ಎಂಬುದು ಅವನ ಪ್ರಬಂಧದ ಮೊದಲ ಸಾಲು. ಮುಸ್ಲಿಮರು ಹೆಚ್ಚಿರುವ ಕೆಲವು ಕ್ಷೇತ್ರಗಳು ಮೀಸಲಾಗಿರುವ ಬಗ್ಗೆ ಸಾಚಾರ್ ಸಮಿತಿ 2006ರ ವರದಿಯಲ್ಲಿ ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳ ಉದಾಹರಣೆಯೊಂದಿಗೆ ಪ್ರಶ್ನೆ ಎತ್ತಿತ್ತು. ಆದುದರಿಂದ ಅವನ ಪ್ರಶ್ನೆ ಅಪ್ರಸ್ತುತವೇನಲ್ಲ.

ಆದರೆ ಪಕ್ಕದಲ್ಲಿ ಕುಳಿತಿದ್ದ ನಾಯಕ ಸಮುದಾಯದ ಗೆಳೆಯ ಸುಮ್ಮನಿರಲಿಲ್ಲ. "ನಮ್ಮವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 1991ರಲ್ಲಿ. ನನ್ನ ಅಪ್ಪ ಕೂಲಿಕಾರ. ಈ ಸೀಟು ಕೂಡ ನಮ್ಮ ಕೇರಿಯವರೆಗೆ ಬಂದಿಲ್ಲ. ನೀನು ನನ್ನ ಮೇಲೆ ಸಿಟ್ಟಾಗುವುದೇಕೆ?" ಎಂದು ಕೇಳಿದ. ಆ ಶನಿವಾರ ಪಾಠ ಮುಗಿಯಲೇ ಇಲ್ಲ. ಜಗಳವಾಗಬಹುದೆಂದು ನಾನೂ ಹೆದರಿದ್ದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಕೊನೆಗೆ ಇಬ್ಬರೂ ಸೇರಿ, ಪ್ರಾತಿನಿಧ್ಯ ಎಲ್ಲಿ ನಿಜವಾಗಿಯೂ ಲಭ್ಯವಿದೆಯೋ ಅಲ್ಲಿ ನಾವೇನು ಮಾಡಿದ್ದೇವೆಂದು ನೋಡಲು ಹೊರಟರು. ಗ್ರಾಮ ಪಂಚಾಯತಿಯಲ್ಲಿ ಶೇ. 50 ಸ್ಥಾನ ಮಹಿಳೆಯರಿಗಿದೆ. ಮುಸ್ಲಿಮ್ ಹುಡುಗ ತನ್ನದೇ ಊರಿನ ಸದಸ್ಯೆಯ ಮನೆಗೆ ಹೋದ. ಮಾತಾಡಿದ್ದು ಆಕೆಯ ಗಂಡ. ಸಭೆಗೆ ಹೋಗುವುದೂ ಅವರೇ. ಸಹಿ ಮಾತ್ರ ಮನೆಯಲ್ಲಿ ಆಗುತ್ತದೆ. ಗೆಳೆಯನ ಕೇರಿಯಲ್ಲೂ ಚಿತ್ರ ಬೇರೆಯಾಗಿರಲಿಲ್ಲ. ಮೊದಲ ಸಾಲನ್ನು ಅವನು ಹೊಡೆದುಹಾಕಲಿಲ್ಲ, ಹಾಕುವುದೂ ಬೇಡವೆಂದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ: "ಇರುವ ಸೀಟಿನಲ್ಲಿ ನಮ್ಮ ಹೆಂಗಸರನ್ನು ಕೂರಲು ಬಿಟ್ಟಿಲ್ಲ."

ಹಿರಿಯರೇ, ನಾನು ಹೆಚ್ಚು ಹೇಳಬೇಕಾಗಿರುವುದು ದೇವದುರ್ಗದ ಕಡೆಯ ಒಬ್ಬ ವಿದ್ಯಾರ್ಥಿನಿಯ ಬಗ್ಗೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸು ಉಚಿತವಾದ ಮೇಲೆಯೇ ಆಕೆಗೆ ಪದವಿ ಓದಲು ಮನೆಯಲ್ಲಿ ಅನುಮತಿ ಸಿಕ್ಕಿದ್ದು. 2011ರ ಜನಗಣತಿಯಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ಅರ್ಧಕ್ಕಿಂತ ಕಡಿಮೆಯಿದ್ದ ಜಿಲ್ಲೆಯಿದು. ಇಲ್ಲಿ ಅದೊಂದು ಸಣ್ಣ ಮಾತಲ್ಲ.

ಲ್ಯಾಟಿನೋ ಎಂಬುದು ಒಂದೇ ಸಮುದಾಯವಲ್ಲ, ಅದರಲ್ಲಿ ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ ಹೀಗೆ ಹಲವು ಮೂಲದವರಿದ್ದಾರೆ, ಅವರು ಮತ ಹಾಕುವ ರೀತಿಯೂ ಒಂದೇ ಅಲ್ಲ, ಹೊಸ ತಲೆಮಾರಿನ ಎಷ್ಟೋ ಮಂದಿಗೆ ಸ್ಪ್ಯಾನಿಷ್ ಬರುವುದಿಲ್ಲ ಎಂದು ನಾನು ವಿವರಿಸುತ್ತಿದ್ದೆ. ಆಕೆ ಎದ್ದು ನಿಂತು ಕೇಳಿದಳು: "ಸ್ಪ್ಯಾನಿಷ್ ಬಾರದವರನ್ನು ಅವರು ತಮ್ಮವರೆಂದು ಒಪ್ಪುತ್ತಾರಾ ಸರ್?" ಅಲ್ಲಿಯೂ ಈ ವಿಷಯದಲ್ಲಿ ಹೀಯಾಳಿಸುವವರಿದ್ದಾರೆ, ಅದನ್ನು ವಿರೋಧಿಸುವವರೂ ಇದ್ದಾರೆ ಎಂದೆ. ಆಕೆ ಕುಳಿತಳು. ಪ್ರಬಂಧ ಬಂದಾಗಲೇ ಆ ಪ್ರಶ್ನೆಯ ಅರ್ಥ ನನಗಾದದ್ದು.

ಆಕೆ ಪಿಂಜಾರರ ಮನೆಯವಳು. ರಾಯಚೂರು ಹತ್ತಿಯ ದೊಡ್ಡ ಮಾರುಕಟ್ಟೆ. ಆ ಹತ್ತಿಯನ್ನು ಹಿಂಜಿ ಗಾದಿ ತುಂಬಿಕೊಟ್ಟು ಬದುಕಿದವರು ಅವಳ ಅಜ್ಜ, ಮುತ್ತಜ್ಜ. ಮನೆಯ ಮಾತು ಕನ್ನಡ. ಉರ್ದು ಮಾತಾಡುವ ಸಹಪಾಠಿಗಳು ಶಾಲೆಯ ದಿನಗಳಿಂದಲೂ ಅವಳನ್ನು "ನೀನು ಯಾವ ಸೀಮೆಯ ಮುಸ್ಲಿಮ್?" ಎಂದು ಕೇಳುತ್ತಿದ್ದರಂತೆ. ಇತರರಿಗೆ ಅವಳು ಕೇವಲ ಸಾಬರ ಹುಡುಗಿ. ಮಸೀದಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ನಾವು, ಸಂಬಂಧ ಕುದುರಿಸುವಾಗ ಪಿಂಜಾರರ ಮನೆಯ ಹೊಸ್ತಿಲು ದಾಟುವುದಿಲ್ಲವೆಂದು ಆಕೆ ಬರೆದಿದ್ದಳು. ಸಾಲು ಓದಿ ನಾನು ಪೆನ್ನು ಕೆಳಗಿಟ್ಟೆ. ತಿದ್ದುವಂಥದ್ದೇನೂ ಅದರಲ್ಲಿರಲಿಲ್ಲ.

ಮೀಸಲಾತಿಯ ಪಟ್ಟಿಯನ್ನೂ ಆಕೆ ಹುಡುಕಿ ಓದಿದ್ದಳು. ಕರ್ನಾಟಕದಲ್ಲಿ ಪಿಂಜಾರ, ನದಾಫ, ಛಪ್ಪರಬಂದ್ ಮೊದಲಾದವರು ಪ್ರವರ್ಗ 1ರಲ್ಲಿದ್ದಾರೆ. ಉಳಿದ ಮುಸ್ಲಿಮರಿಗೆ 1990ರ ದಶಕದಲ್ಲಿ 2ಬಿ ಎಂಬ ಶೇ. 4ರ ವರ್ಗ ಬಂತು. 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ಅದನ್ನು ರದ್ದುಪಡಿಸಿತು. ಸುಪ್ರೀಮ್ ಕೋರ್ಟಿನಲ್ಲಿ ಪ್ರಶ್ನಿಸಿದಾಗ ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದಿತು. ಆ ದಿನಗಳಲ್ಲಿ ಊರಿನ ಮುಖಂಡರೆಲ್ಲ 2ಬಿಯ ಬಗ್ಗೆ ಮಾತಾಡಿದರು, ಮಾತಾಡಲೇಬೇಕಿತ್ತು. ಆದರೆ ಪ್ರವರ್ಗ 1ರ ಪ್ರಮಾಣಪತ್ರಕ್ಕಾಗಿ ಅವಳ ಅಣ್ಣ ತಾಲೂಕು ಕಚೇರಿಗೆ ತಿಂಗಳುಗಟ್ಟಲೆ ಅಲೆದಾಗ ಜೊತೆಗೆ ಬಂದವರು ಯಾರೂ ಇರಲಿಲ್ಲ.

ಇದನ್ನು ತರಗತಿಯಲ್ಲಿ ಓದುವಾಗ ಆಕೆಯ ಕೈ ನಡುಗುತ್ತಿತ್ತು. ಹಿಂದೆ ಅವಳನ್ನು ಕೆಣಕುತ್ತಿದ್ದ ಗೆಳತಿಯರೂ ಅಲ್ಲಿದ್ದರು. ಒಬ್ಬಾಕೆ ಎದ್ದು ಹೋದಳು. ಇನ್ನೊಬ್ಬಾಕೆ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಬಂದು ಅವಳ ಪಕ್ಕ ಕುಳಿತಳು. ಈ ಎರಡೂ ನಡೆದವೆಂದು ಹೇಳಬೇಕು. ಇಂತಹ ಪಾಠದಿಂದ ಎಲ್ಲರ ಮನಸ್ಸೂ ಅರಳುತ್ತದೆಂದು ನಾನು ಸುಳ್ಳು ಹೇಳಲಾರೆ. ಮನೆಯಲ್ಲಿ ವಾದಕ್ಕಿಳಿದರು, ದೊಡ್ಡವರಿಗೆ ಎದುರು ಮಾತಾಡಿದರು ಎಂಬ ದೂರುಗಳೂ ನನ್ನ ಬಳಿಗೆ ಬಂದಿವೆ. ಅವುಗಳಲ್ಲಿ ಕೆಲವು ನಿಜವೂ ಹೌದು.

ಆಕೆ ಯರಗೇರಾದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಬೇಕೆಂದಿದ್ದಾಳೆ. ಮುಂದೆ ಸಂಶೋಧನೆಯ ಆಸೆಯಿದೆ. ಆ ಹಂತದಲ್ಲಿ ಆಸರೆಯಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದನ್ನು ಖಂಡಿಸಿದ್ದೇವೆ, ಇನ್ನೂ ಖಂಡಿಸೋಣ. ಆದರೆ ಆಕೆಯ ಮನೆಯಲ್ಲಿ ಈಗ ಚರ್ಚೆಯಾಗುತ್ತಿರುವುದು ಫೆಲೋಶಿಪ್ಪಲ್ಲ, ನಿಶ್ಚಿತಾರ್ಥ. ವರನ ಕಡೆಯವರು ಪದವಿ ಸಾಕು ಎಂದಿದ್ದಾರಂತೆ. ಒಂದು ಶಾದಿಮಹಲಿನ ಒಂದು ದಿನದ ಬಾಡಿಗೆ, ಬಿರ್ಯಾನಿಯ ಖರ್ಚು ಎಷ್ಟೆಂದು ಇಲ್ಲಿರುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸರಕಾರಿ ವಿಶ್ವವಿದ್ಯಾಲಯದ ಎರಡು ವರ್ಷದ ಶುಲ್ಕವನ್ನು ಅದರ ಪಕ್ಕದಲ್ಲಿ ಬರೆದು ನೋಡಿ. ನಮ್ಮ ಜಮಾಅತ್ ಕಮಿಟಿಗಳು ಇಂತಹ ಮನೆಗಳಿಗೆ ಹೋಗಿ, ಓದು ಮುಗಿಯುವ ತನಕ ಕಾಯಿರಿ ಎಂದು ಎರಡೂ ಕಡೆಯವರಿಗೆ ಹೇಳಬಾರದೇ? ಪಿಂಜಾರರ ಮನೆಗೂ ಹೋಗಿ ಎಂದು ಒತ್ತಿ ಹೇಳುತ್ತೇನೆ.

ಈ ವಿಷಯವನ್ನು ಸಭೆಯಲ್ಲಿ ಪ್ರಸ್ತಾಪಿಸಬಹುದೇ ಎಂದು ಆಕೆಯನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹೆಸರು ಹೇಳಬೇಡಿ ಸರ್. ಪಿಂಜಾರರ ಹುಡುಗಿ ಅಂತ ಹೇಳಿ" ಎಂದಳು.