ಚೀಲ ಹೊತ್ತದ್ದಕ್ಕೆ ಬಂದ ನೋವು

ಗೆಳತಿಯರೇ, ಇಲ್ಲೇ ತಿತಿಮತಿಯ ಕಾಫಿ ತೋಟದ ಲೈನ್‌ಮನೆಯ ಒಬ್ಬಾಕೆಗೆ ಎದೆನೋವು, ಬೆನ್ನುನೋವು. ಕೊಯ್ಲಿನ ಚೀಲ ಹೊತ್ತದ್ದಕ್ಕೆ ಎಂದಳು. ನಾನೂ ನಂಬಿ ಗ್ಯಾಸಿನ ಮಾತ್ರೆ ಕೊಟ್ಟೆ. ಎಂ.ಎ. ಓದಿದ ಬುದ್ಧಿ ಅಷ್ಟೇ! ಎಕ್ಸ್‌ರೇಯಲ್ಲಿ ಕಂಡದ್ದು ಪಕ್ಕೆಲುಬಿನ ಬಿರುಕು. ಗಂಡ ಒದ್ದಿದ್ದ.

ಇಂಥ ನೋವಿಗೆ ಸ್ನಾಯುಸೆಳೆತ, ಹುಳಿತೇಗು, ಪಿತ್ತಕೋಶದ ಕಲ್ಲು, ನ್ಯುಮೋನಿಯಾ, ಏನೂ ಕಾರಣವಿರಬಹುದು. ಹೆಂಗಸರಿಗೆ ಹೃದಯಾಘಾತವೇ ಬೆನ್ನುನೋವು, ದವಡೆನೋವು, ವಾಕರಿಕೆಯಾಗಿ ಬರುವುದುಂಟು. ಬೆವರು, ಏದುಸಿರು ಕಂಡರೆ ಕಾಯದೆ 108ಕ್ಕೆ ಫೋನ್ ಮಾಡಿ. ಆದರೆ "ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ?" ಎಂದೂ ಕೇಳಬೇಕು, ಗಂಡನನ್ನು ಹೊರಗೆ ಕೂರಿಸಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 7ನೇ ಕಲಮಿನಂತೆ, ನೊಂದವಳು ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ಸಹಾಯವಾಣಿ 181.

ಆಕೆಯ ಎಕ್ಸ್‌ರೇ ನನ್ನ ಬೀರುವಿನಲ್ಲಿದೆ. ಮನೆಯಲ್ಲಿಟ್ಟರೆ ಹರಿದುಹಾಕುತ್ತಾನೆಂದು ತಂದುಕೊಟ್ಟಳು.